ಟ್ರೇಲರ್ ಎಳೆಯಬಲ್ಲ ಪಿಕಪ್

ವಯೋಮಿಂಗ್, ಜುಲೈ

ನೆರೆಹೊರೆಯವರೇ,

ನನ್ನ ಮಗಳು ಕೋರಾಳ ಅಂತ್ಯಕ್ರಿಯೆಗೆ ನೆರೆದ ನಿಮಗೆಲ್ಲ ಕೃತಜ್ಞನಾಗಿದ್ದೇನೆ. ಅನುಕಂಪವನ್ನು ಮಾತ್ರ ಸ್ವೀಕರಿಸಲಾರೆ. ನೀವು ಊಟ ತಂದ ಪಾತ್ರೆಗಳನ್ನು ತೊಳೆದು ಚರ್ಚಿನಲ್ಲಿಟ್ಟಿದ್ದೇನೆ, ದಯವಿಟ್ಟು ಒಯ್ಯಿರಿ.

ಹಳೆಯ ಪಿಕಪ್ ಗಾಡಿಯೊಂದನ್ನು ಕೊಳ್ಳಹೊರಟಾಗ ನಿಮ್ಮಲ್ಲೊಬ್ಬನಾದ ವೆಂಡೆಲ್ ಹೇಳಿದ: "ಆ ದೊಡ್ಡದನ್ನ ತಗೊಂಡ್ರೆ ಪೆಟ್ರೋಲ್ ಬಂಕಿನವನ ಮನೆ ಉದ್ಧಾರ, ಹಾರ್ಲನ್! ಚಿಕ್ಕದು ತಗೋ. ಕೋರಾಳ ಕುದುರೇನ ಮಾರಿಬಿಡು. ಒಬ್ಬನಿಗೆ ಇನ್ನೇನು ಬೇಕು ಮಾರಾಯ?"

ಚಿಕ್ಕದು ಗ್ಯಾಲನ್ನಿಗೆ ದುಪ್ಪಟ್ಟು ದೂರ ಓಡುತ್ತದೆಂಬ ವಾದವನ್ನು ಒಪ್ಪುತ್ತೇನೆ. ಆದರೆ ಅದು ಕುದುರೆ ಸಾಗಿಸುವ ಟ್ರೇಲರನ್ನು ಎಳೆದು ಕಣಿವೆಯ ಏರು ಹತ್ತಲಾರದು.

ತೀರಿಕೊಂಡ ಸವಾರರ ಕುದುರೆಯನ್ನು ಸವಾರರಿಲ್ಲದ ಬರಿಯ ಜೀನಿನೊಡನೆ, ಕುದುರೆ ಸವಾರಿಯ ಪಂದ್ಯ ನಡೆಯುವ ರೋಡಿಯೋ ಅಂಗಳದಲ್ಲಿ ಒಂದು ಸುತ್ತು ನಡೆಸುವುದು ನಮ್ಮ ಪದ್ಧತಿ. ಆ ಕೆಲಸಕ್ಕೆ ನಿಮ್ಮಲ್ಲಿ ಹಲವರು ಮುಂದಾಗಿದ್ದೀರಿ. ಅಗತ್ಯವಿಲ್ಲ.

ದೊಡ್ಡ ಪಿಕಪ್ಪನ್ನೇ ಕೊಂಡಿದ್ದೇನೆ. ಶನಿವಾರ ಅದಕ್ಕೆ ಟ್ರೇಲರ್ ಕಟ್ಟಿ ಕೋರಾಳ ಕುದುರೆಯನ್ನು ಅಂಗಳಕ್ಕೆ ಒಯ್ದು, ಲಗಾಮು ಹಿಡಿದು ನಾನೇ ನಡೆಸುತ್ತೇನೆ. ಆಮೇಲೂ ಕುದುರೆ ನನ್ನಲ್ಲೇ ಇರುತ್ತದೆ.

ಇಂತು,
ಹಾರ್ಲನ್ ಪ್ರೂಯಿಟ್