ಉಜ್ಜದ ದೀಪಕ್ಕೆ ಸಿಕ್ಕ ಶಾಬಾಸ್

ಶಹಾಪುರ
೨೫ ಜುಲೈ ೨೦೨೫, ಶುಕ್ರವಾರ

ಪ್ರೀತಿಯ ನಾಗರತ್ನಕ್ಕಾ,

ನಿನ್ನ ತಮ್ಮನ ನಮಸ್ಕಾರ. ಹೇಗಿದ್ದೀ? ಹೆರಿಗೆಯಾದ ಮೇಲೆ ಹಿಡಿದ ಬೆನ್ನುನೋವು ಬಿಟ್ಟಿತೋ ಇಲ್ಲವೋ? ಹಲ್ಲು ಬರುವಾಗ ಕೂಸಿಗೆ ಜ್ವರ ಬಂದಿತ್ತೆಂದು ಅವ್ವ ಹೇಳಿದಳು, ಈಗ ಇಳಿದಿರಬೇಕು. ನಿಮ್ಮ ಓಣಿಯವರು ಅದನ್ನು ಎತ್ತಿಕೊಂಡು ತೆಲುಗಿನಲ್ಲೇ ಆಡಿಸುತ್ತಾರಂತೆ. ನಮ್ಮ ಮನೆಗೆ ಬಂದರೆ ನಾವು ಹೇಳಿದ್ದು ಅದಕ್ಕೆ ತಿಳಿಯುತ್ತದೋ ಇಲ್ಲವೋ ಎಂದು ಅವ್ವನಿಗೆ ದಿನಾ ಚಿಂತೆ. ಯಾವುದನ್ನಾದರೂ ಕಲಿಯಲಿ, ನನ್ನ ಹಾಗೆ ಅರ್ಧಕ್ಕೆ ಬಿಡದಿದ್ದರೆ ಸಾಕು.

ಫೋನ್ ಇರುವಾಗ ಕಾಗದ ಯಾಕೆ ಎನ್ನುತ್ತೀ. ಫೋನ್ ಮಾಡಿದರೆ ನಿಮ್ಮ ಅತ್ತಿ ಸ್ಪೀಕರ್ ಹಾಕಿಸುತ್ತಾರೆ. ಮೆಸೇಜು ಕಳಿಸಿದರೆ ನಿನಗಿಂತ ಮೊದಲು ನಿನ್ನ ನಾದಿನಿ ಓದುತ್ತಾಳೆ. ಪಂಚಮಿ ಬಳೆ ತೊಡಿಸಲು ನಮ್ಮ ಬಳೆಗಾರ್ತಿ ಹಜರಾಬೀ ಇವತ್ತು ನಿಮ್ಮೂರು ಗುರುಮಠಕಲ್ಲಿಗೆ ಹೊರಟಿದ್ದಾಳೆ. ಒಳಗೆ ಕೂತು ಬಳೆ ಇಡುವ ಹೊತ್ತಿನಲ್ಲಿ ನಿನ್ನ ಕೈಗೇ ಕೊಡು ಎಂದಿದ್ದೇನೆ. "ಬಳಿ ಒಡದ್ರ ನನ್ನ ಮ್ಯಾಲ, ಕಾಗದ ಕಳದ್ರ ಅಲ್ಲಾನ ಮ್ಯಾಲ" ಎಂದಳು. ಎರಡೂ ನಿನ್ನ ಮೇಲೆಯೇ ಎಂದು ಹೇಳಿ ಒಪ್ಪಿಸಿದೆ.

ಕಡೇಚೂರಿನ ಕಂಪನಿ ಕೆಲಸ ಬಿಟ್ಟೆ. ಯಾಕೆಂದು ಕೇಳಬೇಡ, ನನಗೂ ಸರಿಯಾಗಿ ಗೊತ್ತಿಲ್ಲ. ಒಂದೇ ಕಡೆ ನಿಂತರೆ ನನ್ನ ಕಾಲು ಜುಮುಗುಡುತ್ತವೆ, ಅಷ್ಟೇ. ಮನೆಯಲ್ಲಿ ಸುಮ್ಮನೆ ಕೂತವನಿಗೆ ಕಾರಿನ ದೀಪ ಕಣ್ಣಿಗೆ ಬಿತ್ತು. ಯುಗಾದಿಯಿಂದ ಅಪ್ಪನದು ಒಂದೇ ಮಾತು, "ಗಾಡಿ ದೀಪ ಮಬ್ಬಾಗ್ಯಾವ, ಸಂಜಿಮುಂದ ಏನೂ ಕಾಣವಲ್ದು." ಸುಳ್ಳಲ್ಲ. ಹದಿನೈದು ವರ್ಷದ ಗಾಡಿ, ಬಿಸಿಲಲ್ಲೇ ನಿಲ್ಲುತ್ತದೆ. ದೀಪಗಳು ಹಳೇ ಎಣ್ಣೆ ಬಾಟಲಿಯ ಹಾಗೆ ಹಳದಿಯಾಗಿದ್ದವು. ಗ್ಯಾರೇಜಿನ ರಾಜಾಸಾಬನನ್ನು ಕೇಳಿದೆ. ಅದು ಗಾಜಲ್ಲ, ಪ್ಲಾಸ್ಟಿಕ್ಕು, ಮೇಲಿನ ಪದರ ಬಿಸಿಲಿಗೆ ಸುಟ್ಟಿದೆ, ಮನೆಯಲ್ಲೇ ಉಜ್ಜಿ ತೆಗೆಯಬಹುದು ಎಂದ.

ಬುಧವಾರ ಅಂಗಳದಲ್ಲಿ ಕೂತೆ. ಗಾಡಿಯ ಬಣ್ಣಕ್ಕೆ ಗೀರು ಬೀಳದ ಹಾಗೆ ದೀಪದ ಸುತ್ತ ಟೇಪು ಹಚ್ಚಿದೆ. ಮೊದಲು ವಾಟರ್ ಪೇಪರ್ ಎಂಬ ಒರಟು ಉಜ್ಜುಕಾಗದ, ಆಮೇಲೆ ಅದಕ್ಕಿಂತ ನಯವಾದದ್ದು, ಆಮೇಲೆ ಇನ್ನೂ ನಯವಾದದ್ದು. ನೀರು ಬಿಡುತ್ತಲೇ ಉಜ್ಜಬೇಕು, ಒಣಗಗೊಡಬಾರದು. ಅರಿಷಿಣದ ಕೈ ತೊಳೆದ ಹಾಗೆ ಹಳದಿ ನೀರು ಇಳಿಯಿತು. ಶುರುವಿಗೆ ದೀಪ ಮೊದಲಿಗಿಂತ ಕೆಡುತ್ತದೆ, ಪೂರ್ತಿ ಬೆಳ್ಳಗೆ ಮಂಜು ಕವಿದಂತಾಗುತ್ತದೆ. ಅವ್ವ ಕಸಬರಿಗೆ ಹಿಡಿದುಕೊಂಡೇ ಬಂದು ನೋಡಿದಳು. "ಇದ್ದದ್ದೂ ಹಾಳ ಮಾಡಿದಿ ಬಿಡು. ನಿಮ್ಮಪ್ಪ ಬಂದು ಅದೇ ಕಾಗದಲೇ ನಿನ್ನ ಮಾರಿ ಉಜ್ಜತಾನ." ಆ ಹೊತ್ತಿನಲ್ಲಿ ಮೇಲೆ ನೀರು ಸುರಿದರೆ ದೀಪ ತಿಳಿಯಾಗಿ ಕಾಣುತ್ತದೆ, ಒಣಗಿದರೆ ಮತ್ತೆ ಮಬ್ಬು. ನೀರು ಸುರಿದು ತೋರಿಸಿ ಅವ್ವನ ಬಾಯಿ ಮುಚ್ಚಿಸಬಹುದಿತ್ತು. ಮಾಡಲಿಲ್ಲ. ಒಣಗಿದ್ದನ್ನೇ ತೋರಿಸಿ, ಇನ್ನೂ ಆಗಿಲ್ಲ ಎಂದೆ. ಮಧ್ಯಾಹ್ನದ ಮೇಲೆ ಪಾಲಿಶ್ ಹಚ್ಚಿ ಬಟ್ಟೆಯಿಂದ ತಿಕ್ಕಿದೆ, ಬಿಸಿಲಿಗೆ ಮತ್ತೆ ಹಳದಿಯಾಗದಿರಲಿ ಎಂದು ಮೇಲೆ ಲ್ಯಾಕರ್ ಹೊಡೆದೆ. ಅಷ್ಟರಲ್ಲಿ ಉಜ್ಜುಕಾಗದ ಸವೆದುಹೋಗಿತ್ತು. ಹಾಗಾಗಿ ಎಡಗಡೆಯದು ಮಾತ್ರ ಮುಗಿಯಿತು. ಬಲಗಡೆಯದನ್ನು ನಾನು ಮುಟ್ಟಿರಲೇ ಇಲ್ಲ.

ಅಂಗಡಿಯಿಂದ ಅಪ್ಪ ಬಂದಾಗ ಇನ್ನೂ ಬೆಳಕಿತ್ತು. ಆಗ್ಯದೇನು ಎಂದು ಕೇಳಿದ. ಆಗ್ಯದ ಎಂದೆ. ಗಾಡಿಯ ಮುಂದೆ ಬಂದು ಬಗ್ಗಿ, ಬಲಗಡೆಯ ದೀಪದ ಮೇಲೆ ಅಂಗೈ ಇಟ್ಟು ಸವರಿದ. "ಶಾಬಾಸ್ ಭೀಮ್ಯಾ. ಕನ್ನಡಿ ಆಗ್ಯದಲ್ಲೋ!"

ಅಪ್ಪ ಚಾಷ್ಟಿ ಮಾಡುತ್ತಿದ್ದಾನೆ ಅಂದುಕೊಂಡೆ. ಆದರೆ ಅಪ್ಪ ನನ್ನ ಜೊತೆ ಚಾಷ್ಟಿ ಮಾಡುವವನಲ್ಲ, ನಿನಗೇ ಗೊತ್ತು. ಶಾಬಾಸ್ ಎನ್ನುವವನೂ ಅಲ್ಲ. ಹುಟ್ಟಿದಾಗಿನಿಂದ ನನಗೆ ಸಿಕ್ಕ ಮೊದಲ ಶಾಬಾಸ್ ನಾನು ಉಜ್ಜದ ದೀಪಕ್ಕೆ ಹೋಯಿತು. ಸುಮ್ಮನಿರಲು ನನಗೆ ಬರುವುದಿಲ್ಲ. "ಅಪ್ಪಾ, ಅದಲ್ಲ, ಆ ಕಡೀದು" ಎಂದೆ. ಅಪ್ಪ ಕೈ ತೆಗೆಯಲಿಲ್ಲ. "ಎರಡೂ ನೋಡೇ ಹೇಳಿದ್ನಿ" ಎಂದು ಒಳಗೆ ಹೋದ. ಹೊಸ್ತಿಲನ್ನು ಕಾಲಿನಿಂದ ತಡವಿ ದಾಟಿದ.

ಆಮೇಲೆ ಹೋದ ವಾರದ್ದು ನೆನಪಾಯಿತು. ಪಂಚಮಿಯ ಉಂಡಿಗೆ ಬೇಕಾದ ಶೇಂಗಾ, ಬೆಲ್ಲ ಅಂಗಡಿಗೆ ತರಲು ಯಾದಗಿರಿಗೆ ಹೋಗಿದ್ದೆವು. ಮೊದಲೆಲ್ಲ ಅವ್ವ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದಳು. ಈಗ ಮುಂದೆಯೇ ಕೂಡುತ್ತಾಳೆ, ಬಾಯಿ ಮುಚ್ಚುವುದಿಲ್ಲ. "ಅಗಾ, ಆ ಎಮ್ಮಿ ನೋಡ್ರಿ, ನಡುದಾರ್ಯಾಗ ಗೌಡ್ತಿಗತೆ ನಿಂತದ." "ಉಸುಕಿನ ಲಾರಿ ಬರಾಕತ್ಯದ್ರಿ, ಎಷ್ಟ್ ಜೋರು!" ಭೀಮಾ ಸೇತುವೆ ಬಂದಾಗ, "ಎಡಕ್ಕ ಕಟ್ಟಿ ಭಾಳ ಸನೇಕ ಬಂತ್ರಿ, ಹೊಳಿ ಚಂದ ಕಾಣ್ತದ." ನಾನು ಹಿಂದೆ ಕೂತು, ಅವ್ವನಿಗೆ ವಯಸ್ಸಾಯಿತು, ಮಾತು ಹೆಚ್ಚಾಯಿತು ಅಂದುಕೊಂಡಿದ್ದೆ. ಅವಳು ಅಪ್ಪನಿಗೆ ದಾರಿ ಹೇಳುತ್ತಿದ್ದಳು.

ನಿನ್ನೆ ಅಮಾವಾಸ್ಯೆ. ಹೊಸ ಉಜ್ಜುಕಾಗದ ತಂದು ಬಲಗಡೆಯದನ್ನೂ ಉಜ್ಜಿ ಮುಗಿಸಿದೆ. ಅಪ್ಪ ಗಾಡಿಗೆ ಕಾಯಿ ಒಡೆದು ವಿಭೂತಿ ಹಚ್ಚಿದ. ಹೊತ್ತು ಮುಳುಗಿದ ಮೇಲೆ ದೀಪ ಹಾಕಿ ನೋಡೋಣ ಎಂದ, ನನ್ನನ್ನು ಮುಂದೆ ಹೋಗಿ ನಿಲ್ಲಲು ಹೇಳಿದ. ಓಣಿಯ ಕೊನೆಗೆ ಗೋಡೆಯ ಮುಂದೆ ಹೋಗಿ ನಿಂತೆ. ದೀಪ ಹತ್ತಿತು. ಬೆಳಕು ಎಷ್ಟಿತ್ತೆಂದರೆ ನನ್ನ ಅಂಗಿಯ ಗುಂಡಿ ಸುತ್ತಲಿನ ದಾರ ಸಹ ಕಾಣುತ್ತಿತ್ತು. ನನ್ನ ನೆರಳು ಹಿಂದಿನ ಗೋಡೆಯ ಮೇಲೆ ನನಗಿಂತ ದೊಡ್ಡದಾಗಿ ನಿಂತಿತ್ತು. ಅಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ. "ಎಲ್ಲಿ ಹೋದಿಯೋ ಭೀಮ್ಯಾ? ಮುಂದ ನಿಂದ್ರು ಅಂದ್ರ ಎಲ್ಲಿ ಹೋದಿ?"

ನಾನು ಅಲ್ಲೇ ನಿಂತಿದ್ದೆ ಅಕ್ಕಾ. ಕೈ ಎತ್ತಲಿಲ್ಲ. ಅಳು ಬರುತ್ತದೇನೋ ಎಂದು ಕಾದೆ, ಬರಲಿಲ್ಲ. ಹೆದರಿಕೆಯೂ ಆಗಲಿಲ್ಲ. ಹಲ್ಲು ಕೀಳುವಾಗ ಸೂಜಿ ಚುಚ್ಚಿದ ಮೇಲೆ ತುಟಿ ಬೇರೆ ಯಾರದೋ ಆಗಿಬಿಡುತ್ತದಲ್ಲ, ಮೈಯೆಲ್ಲ ಹಾಗಿತ್ತು. ಈಗ ಬರೆಯುವಾಗಲೂ ಹಾಗೇ ಇದೆ.

"ಇಲ್ಲೇ ಅದೀನಪ್ಪಾ, ಬೆಳಕಿನಾಗ" ಎಂದೆ. ಅಪ್ಪ ದೀಪ ಆರಿಸಿದ. ಆಮೇಲೆ ಇಳಿದು ಬಂದು, "ಇನ್ನೊಂದೀಟು ಉಜ್ಜಬೇಕಿತ್ತು" ಎಂದ. ಉಜ್ಜಲು ಏನೂ ಉಳಿದಿಲ್ಲ, ದೀಪ ಸರಿ ಇವೆ, ನಿನ್ನ ಕಣ್ಣಿಗೆ ಪೊರೆ ಬಂದಿರಬೇಕು, ನೀ ಅಕ್ಕನನ್ನು ಹಬ್ಬಕ್ಕೆ ಕರೆಯಲು ಹೋಗಬೇಡ ಎಂದು ಒಂದೇ ಉಸಿರಿಗೆ ಹೇಳಿದೆ. ನನಗೆ ಲೈಸೆನ್ಸ್ ಇಲ್ಲ, ಅದಕ್ಕೆ ನಾನು ಹೋಗುತ್ತೇನೆ ಎನ್ನಲು ಬರಲಿಲ್ಲ. ರಾಜಾಸಾಬ ನಡೆಸಲಿ ಎಂದೆ. "ಮದುವಿ ಆದಾಗಿಂದ ಆಕಿನ್ನ ಪಂಚಮಿಗೆ ನಾನೇ ತಂದೀನಿ. ಈ ಸಲ ಹಂಪಣ್ಣಗ ಕಣ್ಣ ಕಾಣಂಗಿಲ್ಲ, ಡ್ರೈವರನ್ನ ಕರಕೊಂಡು ಬಂದಾನ ಅಂತ ಬೀಗರ ಮುಂದ ಅನಿಸಿಕೊಳ್ಳಲೇನು?" ಎಂದು ಕೀಲಿ ಜೇಬಿಗೆ ಹಾಕಿದ. ಹಾಗಾದರೆ ಅಕ್ಕನಿಗೆ ಬರೆಯುತ್ತೇನೆ ಎಂದೆ. "ಬರಿ. ಸಾಲ್ಯಾಗಂತೂ ಬರೀಲಿಲ್ಲ, ಈಗರ ಬರಿ."

ಅವ್ವ ಒಲೆಯ ಮುಂದೆ ಕೂತು ಎಲ್ಲ ಕೇಳಿದ್ದಳು. ನನ್ನನ್ನು ಕರೆದು, ಹಬ್ಬ ಮುಗಿಯಲಿ, ಕಲಬುರಗಿಗೆ ಕರೆದುಕೊಂಡು ಹೋಗಿ ತೋರಿಸೋಣ, ಅಲ್ಲಿತನಕ ನಾಗೀಗೆ ಹೇಳಬೇಡ ಎಂದಳು. "ನಾ ಮುಂದ ಕುಂತಿರ್ತೀನಲ್ಲೋ. ಇಷ್ಟ್ ದಿನ ಏನರ ಆಗ್ಯದೇನು?" ಆಗಿಲ್ಲ, ಅದು ಖರೆ. ಆದರೂ ನಾನು ಒಪ್ಪಲಿಲ್ಲ. ಇವತ್ತು ಬೆಳಿಗ್ಗೆ ಎದ್ದವನೇ ಗಾಡಿಯ ಬಾನೆಟ್ ತೆಗೆದು ನಿಂತೆ. ಒಂದು ವೈರು ಕಿತ್ತರೆ ಮುಗಿಯುತ್ತಿತ್ತು. ಆದರೆ ಕಿತ್ತರೆ ಗಾಡಿ ಕೆಟ್ಟಿದೆ ಎಂದಾಗುತ್ತದೆ. ಗಾಡಿ ಕೆಟ್ಟಿಲ್ಲ. ಬಾನೆಟ್ ಮುಚ್ಚಿ ಒಳಗೆ ಬಂದು ಈ ಕಾಗದ ಬರೆಯಲು ಕೂತೆ.

ನಿಮ್ಮ ಅತ್ತಿ-ಮಾವನವರಿಗೂ ಮನೆಯವರಿಗೂ ನನ್ನ ನಮಸ್ಕಾರ ತಿಳಿಸು. ಕೂಸಿಗೆ ಎರಡೂ ಗಲ್ಲಕ್ಕೆ ಒಂದೊಂದು ಮುತ್ತು. ನೀನು ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ತಮ್ಮ,
ಭೀಮಾಶಂಕರ

ತಾ.ಕ.: ಹಜರಾಬೀ ಬಾಗಲಾಗ ನಿಂತು ಬಸ್ ಹೋಗ್ತದ ಅಂತ ಒದರಾಕತ್ಯಾಳ. ಅಪ್ಪ ಅವ್ವ ನಾಳೆ ಮಧ್ಯಾಹ್ನ ಅಂಗಡಿ ಮುಚ್ಚಿ ಹೊಂಡ್ತಾರ. ನಿಮ್ಮಲ್ಲಿಗೆ ಬರೂ ದಾರಿ ಹಗಲು, ಅದನ್ನ ನನ್ನ ಕೈಲಿ ತಡಿಯಾಕ ಆಗಲಿಲ್ಲ. ತಿರುಗಿ ಹೋಗೂದು ಕತ್ತಲಾಗ. ನೀ ಕೂಸಿನ್ನ ಕರಕೊಂಡು ಆ ಗಾಡಿ ಹತ್ತಬ್ಯಾಡ. ನೀ ಹತ್ತದಿದ್ರಷ್ಟೇ ಸಾಲದು, ಅವರಿಬ್ಬರೂ ಅದರಾಗೇ ತಿರುಗಿ ಹೋಗ್ತಾರ. ಅದಕ್ಕ ಹಿಂಗ ಮಾಡು. ಪ್ರತಿ ವರ್ಷ ಅಪ್ಪ ನಿಮ್ಮ ಪಡಸಾಲ್ಯಾಗ ಕುಂತು "ಪಂಚಮಿಗೆ ಏನ್ ಬೇಕವ್ವಾ" ಅಂತ ಕೇಳ್ತಾನಲ್ಲ, ಸೀರಿ ಅನಬ್ಯಾಡ. ಗಾಡಿ ಕೀಲಿ ಕೊಡು ಅನ್ನು. ಒಳಗ ಕರದು ಕೇಳಿದ್ರ ಕೊಡಂಗಿಲ್ಲ. ನಿಮ್ಮ ಅತ್ತಿ-ಮಾವನ ಮುಂದನೇ ಕೇಳು. ಅಪ್ಪನ ಮಾರಿ ಸಣ್ಣದಾಗ್ತದ, ನನಗ ಗೊತ್ತದ, ಆದ್ರೂ ಕೇಳು. ನಾನೂ ರಾಜಾಸಾಬನೂ ಬಸ್ಸಿಗೆ ಬಂದು ನಿಮ್ಮೂರ ಸ್ಟ್ಯಾಂಡಿನಾಗ ಇರ್ತೀವಿ, ಕತ್ತಲಾಗೂದ್ರೊಳಗ ಮನಿಗೆ ಬರ್ತೀವಿ, ಗಾಡಿ ಅಂವ ನಡಸ್ತಾನ. ಅಷ್ಟು ಕೇಳಿದ ಮ್ಯಾಲೂ ಕೊಡದಿದ್ರ, ಕೂಸಿನ್ನ ಅಪ್ಪನ ತೊಡಿ ಮ್ಯಾಲ ಕೊಟ್ಟು ಬಿಡು, ನಾವು ಬರೂತನಕ ತಿರುಗಿ ಇಸಕೋಬ್ಯಾಡ. ಮೊಮ್ಮಗನ್ನ ಕೆಳಗಿಟ್ಟು ಅಂವ ಏಳಂಗಿಲ್ಲ.