ಲೋಳೆ ನುಡಿದ ಸಾಕ್ಷಿ

ಜೂನ್ ೧೪, ಭಾನುವಾರ

ಪ್ರೀತಿಯ ಮಗಳೇ,

ನೀನೂ ಅಳಿಯಂದಿರೂ ಮರಿಯೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಪತ್ರ ತಡವಾಯಿತು, ಬೈಯಬೇಡ. ಪ್ರಯೋಗಾಲಯದವರ ಉತ್ತರ ಬರಲಿ ಎಂದು ಕೈ ಕಟ್ಟಿ ಕೂತಿದ್ದೆ. ಫೋನಿನಲ್ಲಿ ಹೇಳಿದರೆ ನೀನು ಅರ್ಧಕ್ಕೇ ಅಳುತ್ತೀ, ನಾನು ಎಲ್ಲಿಂದೆಲ್ಲಿಗೋ ಹೋಗುತ್ತೇನೆ.

ಮೊದಲು ಉತ್ತರ, ಆಮೇಲೆ ಪುರಾಣ. ಬಸ್ ನಿಲ್ದಾಣದಲ್ಲಿ ಕಂಡ ಆ ಹೆಂಗಸು ನಿನ್ನ ಅಮ್ಮನಲ್ಲ. ನಮ್ಮ ಕಾಲೇಜಿನ ಗಣಿತದ ಮೇಷ್ಟ್ರು ಬೋರ್ಡಿನ ಕೊನೆಗೆ ಬರೆಯುತ್ತಿದ್ದ ಹಾಗೆ, ಹೆನ್ಸ್ ಪ್ರೂವ್ಡ್.

ಮರೆವಿನ ಕಾಯಿಲೆಯಲ್ಲಿ ಅಮ್ಮ ಮನೆ ಬಿಟ್ಟು ಹೋದದ್ದು ಹೋದ ವರ್ಷ ಜನವರಿಯ ಚಳಿಯಲ್ಲಿ. ಐದು ತಿಂಗಳ ಮೇಲೆ ಯಾರೋ ನಿನಗೆ ಫೋನು ಮಾಡಿ, ಅಮ್ಮನಂಥದೇ ಹಸಿರು ಸ್ವೆಟರಿನ ಮುದುಕಿಯೊಬ್ಬಳು ನಿಮ್ಮೂರ ಬಸ್ ನಿಲ್ದಾಣದಲ್ಲಿ ಬನ್ನು ತಿನ್ನುತ್ತಾ ಕೂತಿದ್ದಾಳೆ ಎಂದರು. ಮರಿಗೆ ಜ್ವರವಿತ್ತು, ನೀನು ಮಾರನೆಯ ದಿನ ಹೋದೆ, ಯಾರೂ ಇರಲಿಲ್ಲ. ಈ ಬೇಸಿಗೆಯಲ್ಲಿ ನಮ್ಮೂರ ಕೆರೆಯ ನೀರು ಇಳಿದು ಮೂಳೆ ಸಿಕ್ಕಿ, ಸೊಂಟಕ್ಕೆ ಹಾಕಿಸಿದ್ದ ಲೋಹದ ಕೀಲಿನ ನಂಬರಿನಿಂದ ಅವಳೇ ಎಂದು ತಿಳಿದಾಗ ನೀನು ಅಂದದ್ದು ಇನ್ನೂ ಕಿವಿಯಲ್ಲಿದೆ: “ಅವತ್ತೇ ಹೋಗಿದ್ರೆ ಅಮ್ಮ ಬದುಕಿರ್ತಿದ್ಲು, ಅಪ್ಪಾ.” ಆಮೇಲೆ ನೀನು ಈ ಕಡೆ ತಲೆ ಹಾಕಿಲ್ಲ.

ಈಗ ಕೇಳು. ಪ್ರಯೋಗಾಲಯದ ಡಾಕ್ಟರಮ್ಮ ನಿನಗಿಂತ ಚಿಕ್ಕವಳು. ತನ್ನ ಸಂಶೋಧನೆಗೆಂದು ಎರಡು ವರ್ಷದಿಂದ ಅದೇ ಕೆರೆಯಲ್ಲಿ ತಂತಿ ಪಂಜರ ಕಟ್ಟಿ ಹಂದಿ ಮೂಳೆ ಮುಳುಗಿಸಿ, ತಿಂಗಳಿಗೊಮ್ಮೆ ಎತ್ತಿ ನೋಡುತ್ತಾ ಬಂದಿದ್ದಾಳೆ. ನೀರಿಗೆ ಬಿದ್ದ ಮೂಳೆಯ ಮೇಲೆ ಬ್ಯಾಕ್ಟೀರಿಯಾ ಸಂಸಾರ ಹೂಡುತ್ತವಂತೆ. ಮೊದಲು ಬಂದವು ಜಾಗ ಖಾಲಿ ಮಾಡುತ್ತವೆ, ಬೇರೆಯವು ಒಕ್ಕಲು ಬರುತ್ತವೆ, ಥೇಟ್ ನಮ್ಮ ಮಹಡಿಯ ಬಾಡಿಗೆದಾರರ ಹಾಗೆ. ಈಗ ಯಾರಿದ್ದಾರೆ ಎಂದು ನೋಡಿದರೆ, ಮೂಳೆ ನೀರಿನಲ್ಲಿ ಎಷ್ಟು ಕಾಲ ಇತ್ತೆಂಬ ಅಂದಾಜು ಸಿಗುತ್ತದೆ. ಅಮ್ಮನ ಪಕ್ಕೆಲುಬಿನ ಲೋಳೆ ಕೆರೆದು ಅವಳು ಹಂದಿ ಮೂಳೆಗಳ ಜೊತೆ ಹೋಲಿಸಿದ್ದಾಳೆ.

“ಮೇಡಂ, ಗೆಸ್ ವರ್ಕ್ ಅಲ್ಲ ತಾನೆ?” ಅಂದೆ.

“ಯಜಮಾನ್ರೇ, ಮೊದ್ಲು ಕೂತ್ಕೊಳ್ಳಿ. ಒಂದು ತಿಂಗಳು ಹಿಂದೆ ಮುಂದೆ ಆಗ್ಬೋದು. ಐದು ತಿಂಗಳಷ್ಟು ತಪ್ಪೋ ಮಾತೇ ಇಲ್ಲ. ಆ ಫೋನು ಬರೋ ಹೊತ್ತಿಗೆ ಅವರು ತೀರ್ಕೊಂಡು ತುಂಬಾ ದಿನ ಆಗಿತ್ತು.”

ಎದ್ದು ಅವಳ ಕೈ ಕುಲುಕಿಬಿಟ್ಟೆ, ಗ್ಲೌಸ್ ಸಮೇತ. “ಅಯ್ಯೋ, ಹೋಗಿ ಸೋಪು ಹಾಕಿ ತೊಳ್ಕೊಳ್ಳಿ” ಎಂದು ಅಟ್ಟಿದಳು.

ಅಮ್ಮ ನೀರಿನ ಕೊಡದೊಳಗೆ ಬೆರಳಾಡಿಸಿ, “ಎರಡು ದಿನಕ್ಕೇ ಲೋಳೆ ಕಟ್ಟಿದೆ, ಅಪ್ಪ ಮಗಳಿಗೆ ಕಣ್ಣು ಕಾಣ್ಸಲ್ವಾ?” ಎಂದು ಇಬ್ಬರನ್ನೂ ಸೇರಿಸಿ ಉಗಿಯುತ್ತಿದ್ದಳಲ್ಲ. ಜೀವಮಾನವಿಡೀ ಅವಳು ಉಜ್ಜಿ ಓಡಿಸಿದ ಲೋಳೆಯೇ ಇವತ್ತು ಅವಳ ಮಗಳ ಪರವಾಗಿ ಸಾಕ್ಷಿ ನುಡಿದಿದೆ. ನನಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ, ಕಣೇ. ಎದುರು ಮನೆಯವರಿಗೂ ಕರೆದು ಹೇಳಿದೆ.

ಇನ್ನು ಹೊಟ್ಟೆ ತುಂಬ ಉಣ್ಣು. ಮರಿಯನ್ನು ಕರೆದುಕೊಂಡು ಬಾ. ನಿನ್ನ ಕಣ್ಣಿಗೆ ನಿದ್ದೆ ಹತ್ತಲಿ, ನಿನ್ನ ಮನೆಯ ನಗು ನನ್ನ ಮನೆಗೂ ಕೇಳಲಿ.

ನಿನ್ನ
ಅಪ್ಪ

ಮತ್ತೊಂದು ಮಾತು: ಆ ಹೆಂಗಸು ನಿನಗೆ ಎದೆಯ ಮುಳ್ಳಾಗಿದ್ದಳು, ನನಗೆ ಆಸರೆಯಾಗಿದ್ದಳು. ಮನೆ ಬಿಟ್ಟ ದಿನ ಅಮ್ಮ ಉಂಡಿರಲಿಲ್ಲ. ಬಡಿಸಿದ ತಟ್ಟೆ ಹಾಗೇ ಇತ್ತು. ಎಲ್ಲೋ ಕೂತು ಒಂದು ಬನ್ನಾದರೂ ತಿಂದಳಲ್ಲ ಎಂದುಕೊಂಡಿದ್ದೆ.