ಹಡಗಿನಡಿಯ ಹಾಡು

ಮನೆ,
ಶನಿವಾರ, ಮಧ್ಯಾಹ್ನ

ನಮ್ಮ ಮನೆಯವರಿಗೆ,

ನೀವೀಗ ಮನೆಯಲ್ಲಿಲ್ಲ ಎನ್ನುವುದು ನನಗೆ ಗೊತ್ತಿದೆ. ಆದರೂ ಇಷ್ಟು ವರ್ಷ ಹೀಗೇ ಹೇಳಿ ರೂಢಿಯಾದ ಬಾಯಿ, ನೀವು ಸಂಶೋಧನಾಲಯದ ಅತಿಥಿಗೃಹ ಸೇರಿದ ಮಾತ್ರಕ್ಕೆ ಹೊಸ ಪಾಠ ಕಲಿಯುವುದಿಲ್ಲ. ಅಲ್ಲಿ ಸೊಳ್ಳೆ ಜಾಸ್ತಿ ಎಂದು ಕೇಳಿದೆ. ಸಂತೋಷ.

ಇದು ಕಚೇರಿಯ ಪತ್ರವಲ್ಲ. ಮೇಲೆ ಕಡತದ ಸಂಖ್ಯೆಯಿಲ್ಲ, ಕೆಳಗೆ ‘ಪ್ರತಿ: ನಿರ್ದೇಶಕರಿಗೆ’ ಎಂದಿಲ್ಲ. ಈ ಎರಡು ತಿಂಗಳಲ್ಲಿ ನಾವಿಬ್ಬರೂ ಬರೆದುಕೊಂಡ ಕಚೇರಿ ಪತ್ರಗಳನ್ನೆಲ್ಲ ನಿರ್ದೇಶಕರು ನಿನ್ನೆ ನನ್ನ ಮುಂದೆ ಒಂದರ ಮೇಲೊಂದು ಪೇರಿಸಿ ತೋರಿಸಿದರು. “ಪ್ರೊಪೆಲರ್ ವಿಭಾಗದಿಂದ ಶಬ್ದ ವಿಭಾಗಕ್ಕೆ, ಶಬ್ದ ವಿಭಾಗದಿಂದ ಪ್ರೊಪೆಲರ್ ವಿಭಾಗಕ್ಕೆ. ಅಲ್ಲಮ್ಮಾ, ನನ್ನ ಉಣ್ಣೆಯ ಅಂಗಿ ಯಾವ ಬೀರುವಿನಲ್ಲಿದೆ ಅಂತ ಕೇಳೋದಕ್ಕೂ ನಿರ್ದೇಶಕರಿಗೊಂದು ಪ್ರತಿ ಬೇಕಾ?” ಎಂದರು. ಅದು ನಿಮ್ಮ ಪತ್ರ, ನನ್ನದಲ್ಲ. ಅದಕ್ಕೆ ‘ಪರಿಶೀಲನೆಯಲ್ಲಿದೆ’ ಎಂದು ಉತ್ತರ ಬರೆದವಳು ಮಾತ್ರ ನಾನು. ಆಮೇಲೆ ಅವರು ಕನ್ನಡಕ ತೆಗೆದಿಟ್ಟು, “ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರೆ. ನಿಮ್ಮ ಜಗಳದಲ್ಲಿ ನನ್ನ ಹಡಗು ಬಡವಾಗ್ತಿದೆ. ಸೋಮವಾರ ನೌಕಾಪಡೆಯ ಸಮಿತಿ ಬರುತ್ತೆ. ಅಷ್ಟರೊಳಗೆ ಇಬ್ಬರೂ ಒಂದೇ ಮಾತು ಹೇಳಿ” ಎಂದರು. “ನೋಡೋಣ ಸರ್” ಎಂದಷ್ಟೇ ಹೇಳಿ ಎದ್ದು ಬಂದೆ. ಅದಕ್ಕೇ ಈ ಕಾಗದ.

ಮೊದಲು ತಪ್ಪು ಯಾರದು ಎನ್ನುವುದನ್ನು ನೋಡಿಬಿಡೋಣ. ನಿಮ್ಮದು. ಮೂರು ವರ್ಷ ಒದ್ದಾಡಿ ಆ ಪ್ರೊಪೆಲರನ್ನು ರೂಪಿಸಿದವಳು ನಾನು. ಆ ಹಡಗಿಗಿರುವ ಕೆಲಸವೇ ಒಂದು: ಸದ್ದಿಲ್ಲದೆ ಹೋಗಿ, ನೀರಿನಡಿ ಯಾರು ಓಡಾಡುತ್ತಿದ್ದಾರೆ ಎಂದು ಕಿವಿಗೊಟ್ಟು ಕೇಳುವುದು. ತಾನೇ ಸದ್ದು ಮಾಡಿದರೆ ಬೇರೆಯವರ ಸದ್ದು ಹೇಗೆ ಕೇಳಿಸೀತು? ಅದಕ್ಕೆಂದೇ ಒಂದೊಂದು ರೆಕ್ಕೆಯನ್ನೂ ತಿದ್ದಿ ತೀಡಿದೆ. ಊಟದ ತಟ್ಟೆಯಷ್ಟಗಲದ ಮಾದರಿ ಮಾಡಿಸಿ, ಗಾಜಿನ ಕಿಟಕಿಯಿರುವ ನಮ್ಮ ನೀರಿನ ಕೊಳವೆಯಲ್ಲಿ ತಿರುಗಿಸಿ ನೋಡಿದೆ. ಪಿಟಕ್ ಎನ್ನಲಿಲ್ಲ. ನಿಜವಾದ ಹಡಗು ಸಮುದ್ರಕ್ಕಿಳಿದ ಮೊದಲ ದಿನವೇ ನೀವು ನೀರೊಳಗೆ ಮೈಕುಗಳನ್ನು ಇಳಿಬಿಟ್ಟು, ಒಂದು ವೇಗದಲ್ಲಿ ಗುಂಯ್ ಎನ್ನುವ ಸದ್ದಿದೆ, ಆ ಸದ್ದು ಪ್ರೊಪೆಲರಿನದು ಎಂದು ವರದಿ ಬರೆದಿರಿ. ಎಲ್ಲಿ ಕೂತು ಬರೆದಿರಿ? ನಮ್ಮ ಊಟದ ಮೇಜಿನ ಮುಂದೆ, ನಾನು ಮಾಡಿಕೊಟ್ಟ ಕಾಫಿ ಕುಡಿಯುತ್ತಾ. ಉಂಡ ಮನೆಯ ಜಂತೆ ಎಣಿಸುವುದು ಎಂದರೆ ಇದೇ.

ಇರಲಿ, ನಿಮ್ಮ ವರದಿ ಚರ್ಚೆಗೆ ಬಂದ ಸಭೆಯಲ್ಲಿ ನಾನೂ ಹಾಗೆ ಹೇಳಬಾರದಿತ್ತು. “ಅಳತೆ ಮಾಡಿದವರ ಕಿವೀನೇ ಮೊದಲು ಪರೀಕ್ಷೆ ಮಾಡಿಸಬೇಕು, ಮನೆ ಕರೆಗಂಟೆ ಬಡ್ಕೊಂಡ್ರೂ ಅವರಿಗೆ ಕೇಳ್ಸಲ್ಲ” ಎಂದೆ. ಸಮವಸ್ತ್ರದ ಅಧಿಕಾರಿಗಳೆಲ್ಲ ಬಿದ್ದು ಬಿದ್ದು ನಕ್ಕರು. ನೀವು ನಗಲಿಲ್ಲ. ಅಂದು ಸಂಜೆ ಒಂದು ಚೀಲ ಹಿಡಿದು ಹೋದವರು ಇನ್ನೂ ಬಂದಿಲ್ಲ. ನೀವು ನಗದೇ ಇದ್ದದ್ದನ್ನು ನಾನು ಸಭೆಯಲ್ಲೇ ಗಮನಿಸಿದ್ದೆ. ಆದರೆ ಅಷ್ಟು ಜನ ನಗುವಾಗ ನಿಲ್ಲಿಸುವುದಕ್ಕೆ ಮನಸ್ಸಾಗಲಿಲ್ಲ.

ಹೋದವರು ನೀವು, ಉಳಿದವರು ನಿಮ್ಮ ಅಮ್ಮ. ಅತ್ತೆಯನ್ನು ಕರೆದೊಯ್ಯಲು ನೀವು ಕಾರು ಕಳಿಸಿದ್ದಿರಲ್ಲ, ಚಾಲಕ ನಿಮಗೆ ಪೂರ್ತಿ ಹೇಳಿರಲಾರ. “ನಾನ್ಯಾಕೆ ಬರ್ಲಿ? ನಾನೇನು ಸಿಟ್ಟು ಮಾಡ್ಕೊಂಡಿದೀನಾ? ಬೇಕಾದ್ರೆ ಅವನೇ ಬರ್ಲಿ, ಮನೆ ಎಲ್ಲಿದೆ ಅಂತ ಗೊತ್ತಲ್ಲ” ಎಂದು ಅವನಿಗೊಂದು ಲೋಟ ಕಾಫಿ ಕೊಟ್ಟು ಕಳಿಸಿದರು. ಈಗ ನಿಮ್ಮ ಕುರ್ಚಿ ಅವರದು, ಟೀವಿಯ ರಿಮೋಟೂ ಅವರದು. “ಚಿಕ್ಕಂದಿನಿಂದ್ಲೂ ಅವನು ಹಾಗೇ. ಪಕ್ಕದ ಮನೆ ಗಡಿಯಾರ ನಿಂತ್ರೆ ಗೊತ್ತಾಗ್ತಿತ್ತು, ನಾನು ಊಟಕ್ಕೆ ಕರೆದ್ರೆ ಮಾತ್ರ ಕೇಳಿಸ್ತಿರ್ಲಿಲ್ಲ” ಎನ್ನುತ್ತಾರೆ. ನನ್ನ ಪರವೋ ನಿಮ್ಮ ಪರವೋ ತಿಳಿಯುವುದಿಲ್ಲ. ಹಿಂಬಾಗಿಲು ಕಿರುಗುಟ್ಟಲು ಶುರುವಾಗಿದೆ. ಎಣ್ಣೆ ಹಾಕು ಎಂದು ಅತ್ತೆ ದಿನಾ ಹೇಳುತ್ತಾರೆ. ಕಿರುಗುಟ್ಟುವುದು ಶಬ್ದ ವಿಭಾಗದ ಕೆಲಸ, ನಾನು ಕೈ ಹಾಕುವುದಿಲ್ಲ ಎಂದಿದ್ದೇನೆ.

ಗುರುವಾರ ಸಮುದ್ರದಲ್ಲಿ ನಡೆದದ್ದು ನಿಮಗೆ ಅರ್ಧ ಮಾತ್ರ ಗೊತ್ತು. ನೀವು ಅಳತೆಯ ದೋಣಿಯಲ್ಲಿದ್ದಿರಿ, ನಾನು ಹಡಗಿನಲ್ಲಿದ್ದೆ. ಸದ್ದು ಪ್ರೊಪೆಲರಿನದಲ್ಲ ಎಂದು ತೋರಿಸಲು, ಹಡಗಿನಲ್ಲಿ ಸದ್ದು ಮಾಡಬಲ್ಲ ಮಿಕ್ಕ ಎಲ್ಲದರ ಬಾಯಿ ಮುಚ್ಚಿಸುತ್ತೇನೆಂದು ಹಠ ಹಿಡಿದಿದ್ದೆ. ಅಡುಗೆಯವನ ಪಾತ್ರೆಗಳಿಗೆಲ್ಲ ಟವೆಲ್ ಸುತ್ತಿಸಿದೆ. ಫ್ರಿಜ್ ಆರಿಸಿದೆ. ನೀರೆತ್ತುವ ಪಂಪು ನಿಲ್ಲಿಸಿದ್ದರಿಂದ ಯಾರೂ ಕೈ ತೊಳೆಯುವಂತಿರಲಿಲ್ಲ, ಬೇರೆ ಕೆಲವನ್ನೂ ಮಾಡುವಂತಿರಲಿಲ್ಲ. ನಾವಿಕರು ಬೂಟು ಕಳಚಿ ಕಾಲುಚೀಲದಲ್ಲಿ ಓಡಾಡಿದರು. ಒಬ್ಬನಿಗೆ ಸೀನು ಬಂದಾಗ ಇಬ್ಬರು ಸೇರಿ ಅವನ ಮೂಗು ಹಿಡಿದರು. ಕ್ಯಾಪ್ಟನ್ ನನ್ನ ಹತ್ತಿರ ಬಗ್ಗಿ, “ಮೇಡಂ, ಇದು ಯುದ್ಧದ ಹಡಗೋ, ಮಗು ಮಲಗಿಸಿದ ಕೋಣೆಯೋ?” ಎಂದು ಪಿಸುಗುಟ್ಟಿದರು.

ಒಂದೊಂದನ್ನು ನಿಲ್ಲಿಸಿದಾಗಲೂ ನಿಮ್ಮ ದೋಣಿಯಿಂದ ವೈರ್‌ಲೆಸ್ಸಿನಲ್ಲಿ ಬಂದದ್ದು ಒಂದೇ ಉತ್ತರ: “ಇನ್ನೂ ಇದೆ.” ನಾವಿಬ್ಬರೂ ನೇರವಾಗಿ ಮಾತಾಡುವಂತಿಲ್ಲವಲ್ಲ, ಪಾಪ ಆ ವೈರ್‌ಲೆಸ್ಸಿನವನು ನಡುವೆ ಸಿಕ್ಕಿ ಅಡಕತ್ತರಿಯ ಅಡಕೆಯಾದ. “ಅವರ ಮೈಕಿನೊಳಗೆ ನೀರು ನುಗ್ಗಿದೆಯಾ ಕೇಳಿ” ಎಂದೆ. “ನೀರಲ್ಲೇ ಇಡೋಕೆ ಮಾಡಿರೋ ಮೈಕು ಅಂತ ಹೇಳ್ತಿದಾರೆ ಮೇಡಂ” ಎಂದ. ಸ್ವಲ್ಪ ಹೊತ್ತು ಬಿಟ್ಟು, “ವಾಂತಿ ಮಾತ್ರೆ ತಗೊಂಡ್ರಾ ಅಂತಾನೂ ಕೇಳ್ತಿದಾರೆ” ಎಂದ. ಇಡೀ ಹಡಗನ್ನು ನಾನೇ ಮೌನವಾಗಿಸಿದ್ದರಿಂದ ಇದು ಎಲ್ಲರಿಗೂ ಕೇಳಿಸಿತು. “ವೈರ್‌ಲೆಸ್ಸು ಕಚೇರಿ ಕೆಲಸಕ್ಕೆ ಮಾತ್ರ ಅಂತ ಹೇಳಿ” ಎಂದೆ. ಮಾತ್ರೆ ತೆಗೆದುಕೊಂಡಿರಲಿಲ್ಲ. ಐದೇ ನಿಮಿಷದಲ್ಲಿ ಅಡುಗೆಯವನು ಟವೆಲ್ ಸುತ್ತಿದ ಬಕೆಟ್ ತಂದುಕೊಟ್ಟ. ವಾಂತಿಯನ್ನೂ ಸದ್ದಿಲ್ಲದೆ ಮಾಡಬೇಕಾಯಿತು.

ಇನ್ನು ನಿಲ್ಲಿಸಲು ಏನೂ ಉಳಿದಿರಲಿಲ್ಲ. ವೇಗ ಸ್ವಲ್ಪ ಇಳಿಸಿದರೆ ‘ಈಗ ಇಲ್ಲ’ ಎನ್ನುತ್ತಿದ್ದಿರಿ, ಏರಿಸಿದರೆ ‘ಮತ್ತೆ ಬಂತು’ ಎನ್ನುತ್ತಿದ್ದಿರಿ. ಕೊನೆಗೆ ನಾನು ಹಡಗಿನ ಹಿಂಬದಿಯಲ್ಲಿ, ಪ್ರೊಪೆಲರಿನ ದಂಡ ನೀರಿಗೆ ಹೊರಡುವ ಜಾಗದಲ್ಲಿರುವ ಇಕ್ಕಟ್ಟಾದ ಕೋಣೆಗೆ ಇಳಿದೆ. ಉಕ್ಕಿನ ಗೋಡೆಗೆ ಕಿವಿಯಿಟ್ಟೆ. ಕೇಳಿಸಿತು ರೀ. ಗುಂಯ್ ಎಂದು, ಒಂದೇ ಶ್ರುತಿಯಲ್ಲಿ, ಮಗುವೊಂದು ತನ್ನ ಪಾಡಿಗೆ ತಾನು ಗುನುಗಿಕೊಳ್ಳುವ ಹಾಗೆ. ಮೂರು ವರ್ಷ ಸಾಕಿದ ನನಗೆ ಅದರ ದನಿ ಹೇಗಿದೆ ಎಂದೇ ಗೊತ್ತಿರಲಿಲ್ಲ. ಅಳು ಬಂತು. ಸೋತೆನಲ್ಲ ಎಂದು ಬಂತೋ, ನಿಮ್ಮ ಕಿವಿಯನ್ನು ಎಲ್ಲರ ಮುಂದೆ ಆಡಿಕೊಂಡೆನಲ್ಲ ಎಂದು ಬಂತೋ ಹೇಳಲಾರೆ. ಎರಡೂ ಇರಬೇಕು.

ಮೇಲೆ ಬಂದು ಮುಖ ಒರೆಸಿಕೊಂಡು, ಇನ್ನೂ ಏನೂ ಖಚಿತವಿಲ್ಲ ಎಂದು ಎಲ್ಲರಿಗೂ ಹೇಳಿದೆ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವವರ ಪೈಕಿ ನಾನು. ಮೀಸೆಯೊಂದಿಲ್ಲ, ಅಷ್ಟೇ.

ಮನೆಗೆ ಬಂದು ಅತ್ತೆಗೆ ಮಾತ್ರ ನಿಜ ಹೇಳಿದೆ. ರೆಕ್ಕೆಯ ಹಿಂದಿನ ಅಂಚು ಚೂರು ದಪ್ಪವಾದರೂ ಅದನ್ನು ದಾಟಿ ಹೋಗುವ ನೀರು ಆ ಕಡೆ ಈ ಕಡೆ ಸುಳಿಯುತ್ತದೆ, ಸುಳಿ ರೆಕ್ಕೆಯನ್ನು ನಡುಗಿಸುತ್ತದೆ, ಖಾಲಿ ಬಾಟಲಿಯ ಬಾಯಿಗೆ ಊದಿದ ಹಾಗೆ ಸದ್ದು ಬರುತ್ತದೆ ಎಂದು ವಿವರಿಸಿದೆ. ತಟ್ಟೆಯಷ್ಟಿರುವ ಮಾದರಿ ಸುಮ್ಮನಿದ್ದರೂ ಆಳೆತ್ತರದ ಪ್ರೊಪೆಲರ್ ಸುಮ್ಮನಿರಬೇಕೆಂದಿಲ್ಲ, ನಾನು ಮಾದರಿಯನ್ನು ನಂಬಿ ಕೆಟ್ಟೆ ಎಂದೆ. “ಹಾಗಾದ್ರೆ ಅಂಚು ಉಜ್ಜಿ ತೆಳ್ಳಗೆ ಮಾಡು. ಅದಕ್ಕೆ ಗಂಡನ್ನ ಯಾಕೆ ಓಡಿಸ್ದೆ?” ಎಂದರು. ಉಜ್ಜುವುದೇ ಮದ್ದು, ಅದು ನಿಮಗೂ ಗೊತ್ತು, ನನಗೂ ಗೊತ್ತು. ಎರಡನೆಯ ಪ್ರಶ್ನೆಗೆ ನಾನು ಲೋಟ ತೊಳೆಯಲು ಎದ್ದು ಹೋದೆ.

ಈಗ ವ್ಯವಹಾರಕ್ಕೆ ಬರೋಣ. ಸೋಮವಾರ ನಾನು ಒಪ್ಪಿಕೊಂಡರೆ ಮುಂದಿನ ದೊಡ್ಡ ಹಡಗಿನ ಪ್ರೊಪೆಲರ್ ನನ್ನ ಕೈ ತಪ್ಪುತ್ತದೆ. ಒಪ್ಪದೆ ಹೋದರೆ ನಿಮ್ಮ ಅಳತೆಯನ್ನು ಇನ್ನು ಯಾರೂ ನಂಬುವುದಿಲ್ಲ. ನಿಮ್ಮನ್ನು ಉಗ್ರಾಣಕ್ಕೆ ವರ್ಗ ಮಾಡುವ ಮಾತು ಆಗಲೇ ಕಾರಿಡಾರಿನಲ್ಲಿ ಓಡಾಡುತ್ತಿದೆ. ನಾನಿನ್ನೂ ತೀರ್ಮಾನಿಸಿಲ್ಲ, ತೀರ್ಮಾನ ನಿಮ್ಮ ಕೈಯಲ್ಲಿದೆ. ವರದಿಯ ಕೊನೆಯಲ್ಲಿ ‘ವಿನ್ಯಾಸ ಮಾಡಿದವರು ಸಾಕಷ್ಟು ಎಚ್ಚರ ವಹಿಸಿಲ್ಲ’ ಎಂದು ಬರೆದಿದ್ದೀರಲ್ಲ, ಆ ಸಾಲನ್ನು ಹೊಡೆದುಹಾಕಿ. ತಪ್ಪು ಎಂದರೆ ಒಪ್ಪುತ್ತೇನೆ, ಎಚ್ಚರ ವಹಿಸಿಲ್ಲ ಎನ್ನಬೇಡಿ. ಆ ಮೂರು ವರ್ಷ ನಾನು ಹೇಗೆ ನಿದ್ದೆಗೆಟ್ಟೆ ಎಂದು ಹತ್ತಿರದಿಂದ ನೋಡಿದವರು ನೀವೊಬ್ಬರೇ. ಬೇರೆ ಯಾರು ಬರೆದಿದ್ದರೂ ನಕ್ಕು ಸುಮ್ಮನಾಗುತ್ತಿದ್ದೆ. ನೀವು ಬರೆದದ್ದಕ್ಕೆ ನೋವಾಯಿತು. ನೋವಾದದ್ದಕ್ಕೆ ಕಿವಿಯ ಮಾತು ಬಾಯಿಗೆ ಬಂತು.

ಈ ಕಾಗದವನ್ನು ಜವಾನ ಇವತ್ತೇ ನಿಮಗೆ ತಲುಪಿಸುತ್ತಾನೆ. ಸಾಲು ಹೊಡೆದ ಪ್ರತಿಯನ್ನು ನಾಳೆ ಸಂಜೆಯೊಳಗೆ ತಂದುಕೊಡಿ. ಅಂಚೆಯಲ್ಲಿ ಬೇಡ, ಜವಾನನ ಕೈಯಲ್ಲೂ ಬೇಡ, ಖುದ್ದಾಗಿ ತನ್ನಿ. ಬಾರದಿದ್ದರೆ ಸೋಮವಾರ ನನ್ನ ನಾಲಿಗೆ ನನ್ನ ಹಿಡಿತದಲ್ಲಿರುವುದಿಲ್ಲ, ನೋಡಿಕೊಳ್ಳಿ. ಇದನ್ನು ಬೆದರಿಕೆ ಎಂದುಕೊಂಡರೆ ಬೆದರಿಕೆಯೇ. ಅಂಚು ಉಜ್ಜಿದ ಮೇಲೆ ಹಡಗು ಮತ್ತೆ ಸಮುದ್ರಕ್ಕೆ ಹೋಗಬೇಕು, ಸದ್ದು ಹೋಯಿತೋ ಇಲ್ಲವೋ ಎಂದು ಯಾರಾದರೂ ಕೇಳಿ ಹೇಳಬೇಕು. ಹೊಸಬರು ಯಾರನ್ನೋ ಕಳಿಸುವ ಯೋಚನೆಯಿದೆಯಂತೆ. ಅವರು ಸದ್ದಿಲ್ಲ ಎಂದರೆ ನನಗೆ ಸಮಾಧಾನವಾಗುವುದಿಲ್ಲ. ನೀವು ಹೇಳಿದರೆ ಮಾತ್ರ ನಂಬುತ್ತೇನೆ.

ಇಂತಿ,
ಸಿಟ್ಟು ಇನ್ನೂ ಪೂರ್ತಿ ಇಳಿಯದ
ನಿಮ್ಮವಳು

ತಾ.ಕ.: ಮಗನೇ, ಇದು ನಾನು, ಅಮ್ಮ. ಅವಳು ಗೋಂದು ಹುಡುಕೋಕೆ ಒಳಗೆ ಹೋಗಿದ್ದಾಳೆ. ಗೋಂದು ನನ್ನ ಕೈಯಲ್ಲೇ ಇದೆ, ಅದಕ್ಕೇ ಬೇಗ ಬೇಗ ಬರೀತಿದೀನಿ. ಕಾಗದ ಪೂರ್ತಿ ಓದಿದೆ. ಇನ್ನೂ ತೀರ್ಮಾನ ಮಾಡಿಲ್ಲ ಅಂದಿರೋದು ಸುಳ್ಳು. ನಿನ್ನೆ ‘ನೋಡೋಣ’ ಅಂತ ಎದ್ದು ಬಂದೆ ಅಂದಿರೋದೂ ಸುಳ್ಳು. ಅಲ್ಲೇ ಕೂತು, ಸದ್ದು ನನ್ನ ಪ್ರೊಪೆಲರಿಂದೇ, ಅವರ ಅಳತೆ ಸರಿಯಾಗಿದೆ ಅಂತ ಬರೆದು ಸಹಿ ಹಾಕಿ ಕೊಟ್ಟು ಬಂದಿದ್ದಾಳೆ. ದೊಡ್ಡ ಹಡಗು ಆಗಲೇ ಬೇರೆಯವರಿಗೆ ಹೋಯ್ತಂತೆ. ನನ್ನ ಹತ್ರ ಹೇಳ್ಕೊಂಡು ಅತ್ತಳು. ನಿನಗೆ ಗೊತ್ತಾಗಬಾರದಂತೆ. ಗೊತ್ತಾದ್ರೆ ಕನಿಕರಪಟ್ಟು ಬರ್ತೀಯ, ಹಾಗೆ ಬರೋದು ಬೇಡ ಅಂತಾಳೆ. ಓದಿದವರ ಬುದ್ಧಿ ನನಗೆ ಅರ್ಥವಾಗಲ್ಲ. ನೀನು ನಾಳೆವರೆಗೆ ಕಾಯಬೇಡ, ಕಾಗದ ಸಿಕ್ಕ ತಕ್ಷಣ ಹೊರಡು. ಬಂದ ಮೇಲೆ ನಾನು ಬರೆದದ್ದು ಹೇಳಬೇಡ. ಜಗಳ ಆಡೋಕೇ ಬಂದೆ ಅನ್ನು.